ಡ್ಯಾನ್‌ವಿಲ್ ಮನೆಯ ಪೇಪರ್ ತಟ್ಟೆಗಳು

"ಆಂಟಿ, ಈಸ್ ಪಾವರ್ಟಿ ಹೈ ಯೀಲ್ಡ್?" ಎಂದು ಆ ಹುಡುಗ ಕೇಳಿದಾಗ ನನ್ನ ಬಾಯಲ್ಲಿದ್ದ ಕೋಡುಬಳೆ ಹಾಗೇ ನಿಂತಿತು. ಬಡತನದ ಪಾಠದಿಂದ ಪರೀಕ್ಷೆಯಲ್ಲಿ ಪ್ರಶ್ನೆಗಳು ಜಾಸ್ತಿ ಬರುತ್ತವೆಯೋ ಇಲ್ಲವೋ, ಬರದಿದ್ದರೆ ಬಿಟ್ಟುಬಿಡೋಣ ಎಂಬುದು ಅವನ ಲೆಕ್ಕಾಚಾರ. ಬರುತ್ತದಪ್ಪಾ, ಓದು ಎಂದೆ. ಇನ್ನೇನು ಹೇಳಲಿ, ನನ್ನ ಕಸುಬೇ ಅದು.

ಮೈಸೂರಿನ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಪಾಠ ಮಾಡಿಕೊಂಡಿದ್ದವಳು ನಾನು. ಈಗ ಅಮೆರಿಕದ ವಾಲ್ನಟ್ ಕ್ರೀಕ್‌ನ ಅಪಾರ್ಟ್‌ಮೆಂಟಿನಲ್ಲಿದ್ದುಕೊಂಡು, ಮೆಡಿಕಲ್ ಸೇರಲು ಹೊರಟ ನಮ್ಮವರ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಇಲ್ಲಿಯ ಪ್ರವೇಶ ಪರೀಕ್ಷೆಯಲ್ಲಿ ವಿಜ್ಞಾನದ ಜೊತೆಗೆ ಮನಶ್ಶಾಸ್ತ್ರ, ಸಮಾಜಶಾಸ್ತ್ರದ್ದೂ ಒಂದು ಭಾಗವಿದೆ. ಡಾಕ್ಟರಾಗುವವನಿಗೆ ಮನುಷ್ಯರ ವಿಷಯ ಸ್ವಲ್ಪ ಗೊತ್ತಿರಲಿ ಎಂದು ಯಾರೋ ಪುಣ್ಯಾತ್ಮರು ಸೇರಿಸಿರಬೇಕು. ನಮ್ಮ ಮಕ್ಕಳು ರಸಾಯನಶಾಸ್ತ್ರವನ್ನು ನೀರು ಕುಡಿದ ಹಾಗೆ ಮುಗಿಸಿ ಇಲ್ಲಿಗೆ ಬಂದು ಮುಗ್ಗರಿಸುತ್ತಾರೆ. ಆಗ ಅವರ ತಾಯಂದಿರಿಗೆ ನನ್ನ ನೆನಪಾಗುತ್ತದೆ. ಊರಿನವರ ಕಷ್ಟವನ್ನೆಲ್ಲ ಅಂಗೈಯಗಲದ ಕಾರ್ಡುಗಳ ಮೇಲೆ ಬರೆದುಕೊಂಡು ಉರು ಹೊಡೆಯುವುದನ್ನು ನೋಡಿ ನನಗೆ ಎಷ್ಟೋ ಸಲ ರೇಜಿಗೆಯಾಗುತ್ತದೆ. ಆದರೂ ಕಾರಿನ ಕೀಲಿ ತೆಗೆದುಕೊಂಡು ಹೊರಡುತ್ತೇನೆ.

ಹೋದ ಬೇಸಿಗೆಯಲ್ಲಿ ಡ್ಯಾನ್‌ವಿಲ್‌ನ ಒಂದು ಮನೆಯಲ್ಲಿ ಪಾಠ ನಡೆಯುತ್ತಿತ್ತು. ಬಡತನ ಹೈ ಯೀಲ್ಡಾ ಎಂದು ಕೇಳಿದನಲ್ಲ, ಅವನ ಮನೆ. ಅವನ ಜೊತೆ ಸ್ಯಾನ್ ರಮೋನ್‌ನ ಅಕ್ಕತಂಗಿಯರಿಬ್ಬರು, ಮತ್ತೆ ಬೆರ್ರಿಯೆಸಾದಿಂದ ಬರುವ ಒಬ್ಬ ಹುಡುಗಿ. ಈ ಹುಡುಗಿ ಒಮ್ಮೆ ಪರೀಕ್ಷೆ ಬರೆದಿದ್ದಳು. ಎಲ್ಲದರಲ್ಲೂ ಚೆನ್ನಾಗಿ ಮಾಡಿ ನಮ್ಮ ಸಮಾಜಶಾಸ್ತ್ರದ ಭಾಗದಲ್ಲೇ ಕೈಸೋತಿದ್ದಳು. ಒಬ್ಬಳೇ ಕಂಪ್ಯೂಟರಿನ ಮುಂದೆ ಕೂತು ಓದಿದರೆ ತಲೆಗೆ ಹತ್ತುವುದಿಲ್ಲ, ನಾಲ್ಕು ಜನರ ಜೊತೆ ವಾದ ಮಾಡಿದರೇ ಹತ್ತುವುದು ಎಂದು ಮೊದಲ ದಿನವೇ ಹೇಳಿದ್ದಳು. ಈ ಸಲವೂ ಹೋದರೆ ಡಾಕ್ಟರಾಗುವ ಆಸೆ ಬಿಟ್ಟು ಬೇರೆ ಕೆಲಸ ನೋಡಿಕೊಳ್ಳುತ್ತೇನೆ ಎಂದು ಅಪ್ಪ ಅಮ್ಮನಿಗೆ ಮಾತು ಕೊಟ್ಟಿದ್ದಳು. ಆ ಊಟದ ಮೇಜಿನ ಸುತ್ತ ಕೂತವರಲ್ಲಿ ನಿಜವಾಗಿ ಕಲಿಯುತ್ತಿದ್ದವಳು ಅವಳೊಬ್ಬಳೇ.

ಮನೆಯಾಕೆ ಉಪಚಾರದಲ್ಲಿ ಎತ್ತಿದ ಕೈ. ಪಾಠದ ಮಧ್ಯೆ ಉಪ್ಪಿಟ್ಟೋ ಚಿತ್ರಾನ್ನವೋ ಬರಲೇಬೇಕು, ಅದೂ ಬೆಂಗಳೂರಿನಿಂದ ಹೊತ್ತು ತಂದ ಸ್ಟೀಲ್ ತಟ್ಟೆಗಳಲ್ಲಿ. ನನಗೆ ಲೋಟ ಬಟ್ಟಲಿನಲ್ಲಿ ನೊರೆ ಬಂದ ಕಾಫಿ. ನನ್ನನ್ನು ಗೊತ್ತುಮಾಡುವ ಮೊದಲು ಆಕೆ ಕೇಳಿದ್ದು ನಾನು ಎಷ್ಟು ವರ್ಷ ಪಾಠ ಮಾಡಿದ್ದೇನೆ ಎಂದಲ್ಲ. "ಮೈಸೂರಲ್ಲಿ ಯಾವ ಏರಿಯಾ ಮೇಡಂ? ಅಗ್ರಹಾರದ ಹತ್ರಾನಾ? ನಿಮ್ಮನೇಲಿ ಈರುಳ್ಳಿ ಬೆಳ್ಳುಳ್ಳಿ ಎಲ್ಲಾ ತಿಂತೀರಾ?" ಎಂದು ಸುತ್ತಿ ಬಳಸಿ ಕೇಳಿ, ಬೇಕಾದ ಉತ್ತರ ಸಿಕ್ಕಮೇಲೆ ಮುಖ ಅರಳಿಸಿದ್ದಳು. "ಹಾಗಾದ್ರೆ ನಮ್ಮೋರೇ." ಆ 'ನಮ್ಮೋರು' ಆವತ್ತೇ ನನಗೆ ಮುಜುಗರ ತಂದಿತ್ತು. ಕಾಫಿ ಚೆನ್ನಾಗಿತ್ತು, ಕುಡಿದು ಸುಮ್ಮನಾದೆ.

ಒಂದು ಶನಿವಾರ 'ಅಸ್ಕ್ರೈಬ್ಡ್ ಸ್ಟೇಟಸ್' ಎಂಬ ಪಾಠ. ಹುಟ್ಟಿನಿಂದಲೇ ತಲೆಗೆ ಕಟ್ಟುವ ಸ್ಥಾನಮಾನ ಎಂದರ್ಥ. ಎಲ್ಲ ಪುಸ್ತಕಗಳಲ್ಲೂ ಅದಕ್ಕೆ ಜಾತಿಯ ಉದಾಹರಣೆ ಇದ್ದೇ ಇರುತ್ತದೆ. "ಅದೆಲ್ಲ ಹಳೇ ಕಾಲದ್ದು" ಎಂದು ಹುಡುಗ ಇಂಗ್ಲಿಷಿನಲ್ಲಿ ಹೇಳಿ ಪುಟ ತಿರುಗಿಸಲು ಹೋದ. ಬೆರ್ರಿಯೆಸಾದ ಹುಡುಗಿ ಪುಟದ ಮೇಲೆ ಕೈಯಿಟ್ಟಳು.

"ಅಷ್ಟೇನೂ ಹಳೇದಲ್ಲ. ನಮ್ಮ ತಾತನ ಕಥೆ ಅದು" ಎಂದಳು. ಅವಳದೂ ಇಂಗ್ಲಿಷೇ, ಮಧ್ಯೆ ತಾತ ಎಂಬುದೊಂದು ಕನ್ನಡ. ಕಲಬುರಗಿ ಕಡೆಯ ಹಳ್ಳಿಯಲ್ಲಿ ತಾತನನ್ನು ಶಾಲೆಯ ಜಗಲಿಯ ಮೇಲೆ ಕೂರಿಸುತ್ತಿದ್ದರಂತೆ. ಹೋಟೆಲಿನಲ್ಲಿ ಅವರ ಲೋಟ ಸೂರಿನ ಸಂದಿಯಲ್ಲಿ ಬೇರೆ ಇರುತ್ತಿತ್ತಂತೆ. ಅದನ್ನು ತಾವೇ ತೆಗೆದು ಹಿಡಿಯಬೇಕು, ಹೋಟೆಲಿನವನು ಮೇಲಿನಿಂದ ಚಹಾ ಸುರಿಯುತ್ತಾನೆ, ಕುಡಿದು ತೊಳೆದು ಮತ್ತೆ ಸಂದಿಗೆ ಸಿಕ್ಕಿಸಬೇಕು. ಅದೇ ತಾತ ಮೇಷ್ಟರಾದರು, ಮೊದಲ ಸಂಬಳದಲ್ಲಿ ಅಂಗಡಿಗೆ ಹೋಗಿ ಸ್ಟೀಲ್ ತಟ್ಟೆಗಳನ್ನು ಕೊಂಡು, ಒಂದೊಂದರ ಮೇಲೂ ತಮ್ಮ ಹೆಸರು ಕೆತ್ತಿಸಿದರು ಎಂದು ಹೇಳಿ ಅವಳು ನಕ್ಕಳು. ಅವಳ ದನಿಯಲ್ಲಿ ಅಳುಕೇ ಇರಲಿಲ್ಲ. ತಾತನ ಬಗ್ಗೆ ಹೆಮ್ಮೆಪಟ್ಟು ಹೇಳಿದ ಮಾತು ಅದು.

"ಡ್ಯೂಡ್, ದಟ್ಸ್ ಮೆಸ್ಡ್ ಅಪ್" ಎಂದ ಹುಡುಗ. ಅವನ ಮುಖ ನಿಜವಾಗಿ ಸಪ್ಪಗಾಗಿತ್ತು. ಅಡಿಗೆಮನೆಗೂ ಊಟದ ಮೇಜಿಗೂ ನಡುವೆ ಗೋಡೆಯಿಲ್ಲದ ಮನೆ ಅದು. ಒಳಗೆ ಸೌಟಿನ ಸದ್ದು ನಿಂತದ್ದು ನನಗೆ ಕೇಳಿಸಿತು.

ಮುಂದಿನ ಶನಿವಾರ ಅವಲಕ್ಕಿ ಪೇಪರ್ ತಟ್ಟೆಗಳಲ್ಲಿ ಬಂತು. ಜೊತೆಗೆ ಪೇಪರ್ ಲೋಟ, ಪ್ಲಾಸ್ಟಿಕ್ ಚಮಚ. ಎಲ್ಲರಿಗೂ ಅದೇ, ಮಗನಿಗೂ ಅದೇ. "ನೀರು ಉಳಿಸ್ಬೇಕಲ್ಲಾ, ಎಷ್ಟು ಅಂತ ಪಾತ್ರೆ ತೊಳ್ಯೋದು" ಎಂದಳು ಮನೆಯಾಕೆ. ಅವಳ ಹಿತ್ತಲಲ್ಲಿ ಸ್ಪ್ರಿಂಕ್ಲರು ಚಿರ್ರ್ ಎಂದು ನೀರು ಹಾರಿಸುತ್ತಿತ್ತು. ಉಳಿದ ಮೂವರು ಗಬಗಬ ತಿಂದು ತಟ್ಟೆ ಮಡಚಿ ಎಸೆದರು. ಬೆರ್ರಿಯೆಸಾದ ಹುಡುಗಿ ತಟ್ಟೆಯ ಅಂಚನ್ನು ಬೆರಳಲ್ಲಿ ಸವರುತ್ತ ಕೂತಿದ್ದಳು. ಅವಲಕ್ಕಿ ಮುಟ್ಟಲಿಲ್ಲ.

ನನಗೆ ಅನುಮಾನ ಬಂದಿತ್ತು. ಇರಲಿ, ನೋಡಿಯೇ ಬಿಡೋಣ ಎಂದು ಅಡಿಗೆಮನೆಗೆ ಹೋಗಿ, ನನಗೆ ಪೇಪರ್ ತಟ್ಟೆಯಲ್ಲಿ ತಿಂದು ಅಭ್ಯಾಸವಿಲ್ಲ ಎಂದೆ. "ಅಯ್ಯೋ, ನಿಮಗ್ಯಾಕೆ ಮೇಡಂ ಪೇಪರು. ನೀವು ಒಳಗಡೆ ಕೂತ್ಕೊಳ್ಳಿ" ಎಂದು ಆಕೆ ಕಪಾಟಿನಿಂದ ಸ್ಟೀಲ್ ತಟ್ಟೆ ತೆಗೆದು, ಸೆರಗಿಲ್ಲದ ಕುರ್ತಾದ ಅಂಚಿನಲ್ಲೇ ಒರೆಸಿ, ಬಿಸಿ ಅವಲಕ್ಕಿ ಬಡಿಸಿದಳು. ಆಮೇಲೆ ದನಿ ತಗ್ಗಿಸಿದಳು. "ನೋಡಿ, ನಾವು ಆ ಥರ ಜನ ಅಲ್ಲ. ನನಗೆ ಏನೂ ಇಲ್ಲ. ಆದ್ರೆ ನಮ್ಮತ್ತೆ ಮುಂದಿನ ತಿಂಗ್ಳು ಬರ್ತಿದಾರೆ, ದೇವರ ಪಾತ್ರೆಗಳೆಲ್ಲ ಇಲ್ಲೇ ಇರತ್ತೆ. ಆ ಹುಡುಗೀನೂ ಪಾಪ, ಅಷ್ಟು ದೂರದಿಂದ ಫ್ರೀವೇನಲ್ಲಿ ಬರ್ತಾಳೆ. ಅವಳಿಗೊಂದಕ್ಕೆ ಆನ್‌ಲೈನ್ ಮಾಡಿಬಿಡಿ ಮೇಡಂ. ನಿಮ್ಮ ಬಾಯಿಂದ ಬಂದ್ರೆ ಚೆನ್ನಾಗಿರತ್ತೆ. ನೀವು ನಮ್ಮೋರು, ನಿಮಗೆ ಅರ್ಥ ಆಗತ್ತೆ."

ಅರ್ಥವಾಯಿತು, ಚೆನ್ನಾಗಿಯೇ ಅರ್ಥವಾಯಿತು. ನಾಲ್ಕು ಕಾರು ನಿಲ್ಲುವ ಮನೆ, ಮುಂದಿನ ಹುಲ್ಲಿನಲ್ಲಿ 'ಇಲ್ಲಿ ಎಲ್ಲರಿಗೂ ಸ್ವಾಗತ' ಎಂಬ ಬೋರ್ಡು, ಒಳಗೆ ಈ ಹೊಲಸು. ಅದನ್ನು ನನ್ನ ಬಾಯಿಂದಲೇ ಆಡಿಸಬೇಕಂತೆ, ಮಹಾರಾಯಿತಿಗೆ. "ಅವಳನ್ನ ನಾನು ಬಿಡಿಸಲ್ಲ. ಅವಳು ಇಲ್ಲಿ ಬೇಡ ಅಂದ್ರೆ ನಾನೂ ಇಲ್ಲಿಗೆ ಬರಲ್ಲ" ಎಂದು ತಟ್ಟೆಯನ್ನು ಮುಟ್ಟದೆ ಕಟ್ಟೆಯ ಮೇಲಿಟ್ಟೆ. ಮಗನ ಪರೀಕ್ಷೆ ಹತ್ತಿರ ಬಂದಿತ್ತಲ್ಲ, ಆಕೆ ಗಪ್‌ಚಿಪ್ಪಾದಳು.

ಬಾಯಿ ಮುಚ್ಚಿದಳು ಎಂದುಕೊಂಡಿದ್ದು ನನ್ನ ದಡ್ಡತನ. ಎರಡು ದಿನ ಬಿಟ್ಟು ಹುಡುಗಿ ನನಗೆ ಫೋನ್ ಮಾಡಿದಳು. ಆ ಮನೆಯ ಆಂಟಿ ತನಗೇ ಮೆಸೇಜು ಕಳಿಸಿದ್ದಾರೆ, ಟ್ರಾಫಿಕ್ಕಿನಲ್ಲಿ ಸುಸ್ತಾಗುವ ಬದಲು ಮನೆಯಿಂದಲೇ ಝೂಮ್‌ನಲ್ಲಿ ಸೇರಿಕೋ ಕಂದ ಎಂದಿದ್ದಾರೆ, ಕೊನೆಗೆ ಮೂರು ಹಾರ್ಟು ಬೇರೆ ಹಾಕಿದ್ದಾರೆ ಎಂದು ಹೇಳಿದಳು. ನಾನು ಕೋಪದಲ್ಲಿ, ಪಾಠವನ್ನು ನನ್ನ ಅಪಾರ್ಟ್‌ಮೆಂಟಿಗೇ ಬದಲಾಯಿಸುತ್ತೇನೆ, ಆ ಮನೆಯ ಸಹವಾಸವೇ ಬೇಡ ಎಂದೆ.

"ಬೇಡ ಆಂಟಿ. ನಾನು ಯಾಕೆ ಎದ್ದು ಹೋಗ್ಬೇಕು" ಎಂದಳು. ಪೂರ್ತಿ ಕನ್ನಡದಲ್ಲಿ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು.

ಆ ಶನಿವಾರದ ಪಾಠಕ್ಕೆ ನಾನು ಏನೂ ವಿಶೇಷ ಸಿದ್ಧತೆ ಮಾಡಿರಲಿಲ್ಲ, ಪುಸ್ತಕದಲ್ಲಿ ಬಂದದ್ದನ್ನೇ ಮಾಡಿದೆ. ಯಾವ ಪದ್ಧತಿಗೂ ಜನ ಬಾಯಿಬಿಟ್ಟು ಹೇಳುವ ಉದ್ದೇಶ ಒಂದಿರುತ್ತದೆ, ಹೇಳದೆ ಒಳಗಿಟ್ಟುಕೊಂಡ ಕೆಲಸ ಇನ್ನೊಂದಿರುತ್ತದೆ ಎಂಬುದು ಪಾಠ. ಹುಡುಗ ಅವತ್ತು ಯಾವ ಪ್ರಶ್ನೆಗೂ ತಪ್ಪು ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಅವನ ತಾಯಿ ಚಿತ್ರಾನ್ನದ ಪಾತ್ರೆ ತಂದು, ಪೇಪರ್ ತಟ್ಟೆಗಳ ಕಟ್ಟನ್ನು ಬಿಚ್ಚತೊಡಗಿದಳು.

ಬೆರ್ರಿಯೆಸಾದ ಹುಡುಗಿ ತನ್ನ ಬ್ಯಾಗಿನಿಂದ ಒಂದು ಸ್ಟೀಲ್ ತಟ್ಟೆ ತೆಗೆದು ಮುಂದಿಟ್ಟುಕೊಂಡಳು. ತಾತ ಲೋಟ ತೆಗೆದುಕೊಂಡ ಹಾಗೆ ಇವಳೂ ತನ್ನ ತಟ್ಟೆ ತಾನೇ ಹೊತ್ತು ತಂದಳಲ್ಲ ಎಂದು ಸಂಕಟವಾಯಿತು. ಮನೆಯಾಕೆಗೋ ಖುಷಿಯೋ ಖುಷಿ. "ವೆರಿ ಗುಡ್ ಪುಟ್ಟಾ, ಎಷ್ಟು ಜಾಣೆ ನೀನು. ಕಸಾನೂ ಕಮ್ಮಿ ಆಗತ್ತೆ" ಎಂದಳು.

"ಹೌದು ಆಂಟಿ, ಕಸ ಕಮ್ಮಿ ಆಗತ್ತೆ" ಎಂದಳು ಹುಡುಗಿ. ಮತ್ತೆ ಬ್ಯಾಗಿಗೆ ಕೈಹಾಕಿ ಇನ್ನೊಂದು ತಟ್ಟೆ ತೆಗೆದಳು, ಇನ್ನೊಂದು, ಇನ್ನೊಂದು. ನನ್ನ ಮುಂದೆಯೂ ಒಂದು ಬಂತು. "ಎಲ್ಲರಿಗೂ ತಂದಿದೀನಿ."

ಮನೆಯಾಕೆಯ ಕೈಯಲ್ಲಿ ಸೌಟು ಹಾಗೇ ಇತ್ತು. ಅಕ್ಕತಂಗಿಯರು ತಟ್ಟೆ ಮುಂದೆ ಹಿಡಿದರು. ಹುಡುಗ ತನ್ನದನ್ನು ಬೆಳಕಿಗೆ ಹಿಡಿದು, ಭಾನುವಾರದ ಕನ್ನಡ ಕ್ಲಾಸಿನಲ್ಲಿ ಕಲಿತಷ್ಟು ಕಲಿತವನು, ಅಂಚಿನ ಮೇಲೆ ಕೆತ್ತಿದ್ದ ಹೆಸರನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದ. "ಇದು ಯಾರು?" ಎಂದ.

"ನಮ್ಮ ತಾತ."

"ಆ ಲೋಟದ ತಾತ?"

"ಹ್ಞೂಂ."

ಅವನು ಇನ್ನೊಮ್ಮೆ ಹೆಸರು ನೋಡಿ ತಟ್ಟೆಯನ್ನು ತಾಯಿಯ ಕಡೆ ಚಾಚಿದ. "ಅಮ್ಮ, ಹಾಕು." ಆಕೆ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಾನು ನನ್ನ ತಟ್ಟೆಯನ್ನೂ ಚಾಚಿದೆ. ಬಡಿಸಿದಳು, ಬಡಿಸದೆ ಎಲ್ಲಿಗೆ ಹೋಗುತ್ತಾಳೆ. ಹುಡುಗ ಎರಡನೇ ಸಲ ಹಾಕಿಸಿಕೊಂಡು ಕೊನೆಯ ಕಡಲೆಬೀಜದವರೆಗೂ ತಿಂದ. ಅವತ್ತು ಬೆರ್ರಿಯೆಸಾದ ಹುಡುಗಿಯೂ ಹೊಟ್ಟೆ ತುಂಬ ತಿಂದಳು.

ಪಾಠ ಮುಗಿದು ಅಕ್ಕತಂಗಿಯರು ಹೊರಟುಹೋದರು, ಹುಡುಗಿ ಕಾರಿಗೆ ಬ್ಯಾಗು ಇಡಲು ಹೋದಳು. ಮನೆಯಾಕೆ ಎಂಜಲು ತಟ್ಟೆಗಳನ್ನು ಗ್ರೋಸರಿ ಚೀಲವೊಂದಕ್ಕೆ ತುಂಬಿ, ಎರಡೇ ಬೆರಳಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದಳು. "ಅವಳಿಗೆ ಕೊಟ್ಬಿಡಿ ಮೇಡಂ, ಮನೇಲಿ ತೊಳ್ಕೊಳ್ಳಲಿ."

"ತೊಳೆದು ಕೊಡಿ. ನಾನು ಕಾಯ್ತೀನಿ" ಎಂದು ಸ್ಟೂಲು ಎಳೆದು ಕೂತೆ. ಆಕೆ ತುಟಿ ಬಿಗಿದುಕೊಂಡು ನಲ್ಲಿ ಬಿಟ್ಟಳು, ಒಂದೊಂದಾಗಿ ತೊಳೆದಳು, ಒರೆಸಿದಳು, ನನ್ನ ಮುಂದೆ ಜೋಡಿಸಿದಳು. ಆಮೇಲೆ ಆ ಸ್ಕ್ರಬ್ಬರನ್ನು ಹಿಂಡದೆಯೇ ಕಸದ ಡಬ್ಬಿಗೆ ಎಸೆದು, ಡ್ರಾಯರ್ ಎಳೆದು ಹೊಸದೊಂದನ್ನು ಬಿಚ್ಚಿ ಸಿಂಕಿನ ಪಕ್ಕಕ್ಕಿಟ್ಟಳು. ಥೂ, ಎಂದು ನನ್ನ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ನೀರು ಕುಡಿಯಲು ಬಂದ ಮಗ ಅಲ್ಲೇ ನಿಂತಿದ್ದ. ಕಸದ ಡಬ್ಬಿಯೊಳಗೆ ಬಗ್ಗಿ ನೋಡಿದ. "ಅಮ್ಮ, ಅದು ಇವತ್ತು ಬೆಳಗ್ಗೆ ಓಪನ್ ಮಾಡಿದ್ದಲ್ವಾ?"

"ಹಳೇದಾಗಿತ್ತು ಬಿಡೋ" ಎಂದಳು.

ಅವನು ದಡ್ಡನೇನಲ್ಲ. ಈಗಷ್ಟೇ ಆ ಪಾಠದಲ್ಲಿ ಒಂದೂ ತಪ್ಪಿಲ್ಲದೆ ಮಾಡಿದವನು. ಅವನ ಕಿವಿ ಕೆಂಪಾಯಿತು. ಪೇಪರ್ ತಟ್ಟೆಗಳ ಕಟ್ಟನ್ನು ನೋಡಿದ, ಸಿಂಕಿನ ಪಕ್ಕದ ಹೊಸ ಸ್ಕ್ರಬ್ಬರನ್ನು ನೋಡಿದ, ಬಾಗಿಲಾಚೆ ಕಾರಿನ ಬಳಿ ಕಾಯುತ್ತಿದ್ದವಳನ್ನು ನೋಡಿದ. ನನ್ನ ಮುಂದಿದ್ದ ಸ್ಟೀಲ್ ತಟ್ಟೆಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಆಂಟಿ, ನೆಕ್ಸ್ಟ್ ವೀಕ್ ಅವರ ಮನೇಲಿ ಮಾಡೋಣ" ಎಂದ ನನಗೆ.

"ಏನೋ ಅದು, ಬೆರ್ರಿಯೆಸಾಗೆ ಹೋಗೋದಾ? ಅಷ್ಟು ದೂರ ಯಾರು ಡ್ರೈವ್ ಮಾಡ್ತಾರೆ" ಎಂದಳು ತಾಯಿ.

"ಅವಳು ಮಾಡ್ತಾಳಲ್ಲ" ಎಂದು ಹೇಳಿ, ತಟ್ಟೆಗಳನ್ನು ಎತ್ತಿಕೊಂಡು ಹೊರಗೆ ಹೋದ.