ಕಮಾನಿನಾಚೆಯ ವಾರ್ಡು

ಆಸ್ಟ್ರೇಲಿಯಾದ ಕ್ಯಾನಿಂಗ್ಟನ್ನಿನ ವೃದ್ಧಾಶ್ರಮಕ್ಕೆ ನೀಲಮ್ಮ ಪ್ರತಿ ಮಂಗಳವಾರ ಹೋಗುತ್ತಿದ್ದರು. ಕೆಲಸಕ್ಕಲ್ಲ, ನರ್ಸ್ ಕೆಲಸದಿಂದ ನಿವೃತ್ತರಾಗಿ ಹತ್ತು ವರ್ಷ ಕಳೆದಿತ್ತು. ಅಲ್ಲಿದ್ದವರ ಜೊತೆ ಕೂತು ಮಾತಾಡುವುದು, ಕೈ ನಡುಗುವವರಿಗೆ ಟೀ ಕುಡಿಸುವುದು, ಕಣ್ಣು ಮಂಜಾದವರಿಗೆ ಪೇಪರ್ ಓದಿ ಹೇಳುವುದು, ಇಷ್ಟೆ. ಗಣಿ ಕಂಪನಿಯ ಭೂವಿಜ್ಞಾನಿಯಾಗಿ ಅವರನ್ನು ಈ ದೇಶಕ್ಕೆ ಕರೆತಂದಿದ್ದ ಗಂಡ ಸತ್ಯಪ್ರಕಾಶ ತೀರಿಕೊಂಡ ಮೇಲೆ ಹಿಡಿದ ಅಭ್ಯಾಸ ಅದು.

ಕಳೆದ ವರ್ಷ ಏಪ್ರಿಲ್‌ನ ಒಂದು ಮಂಗಳವಾರ ಮ್ಯಾನೇಜರ್ ಮನೋಜ ಬಾಗಿಲಲ್ಲೇ ಅವರಿಗಾಗಿ ಕಾಯುತ್ತಿದ್ದ. ತುಮಕೂರಿನವನು, ನಲವತ್ತರ ಆಸುಪಾಸು, ಸುಮ್ಮಸುಮ್ಮನೆ ಗಾಬರಿಯಾಗುವವನಲ್ಲ.

"ಆಂಟಿ, ಹೊಸಬ್ರು ಒಬ್ರು ಬಂದಿದಾರೆ. ಡೊರೀನ್ ಅಂತ, ತೊಂಬತ್ಮೂರು ವರ್ಷ. ನಾಲ್ಕು ದಿನದಿಂದ ಊಟ ಮುಟ್ತಿಲ್ಲ. ನನ್ನನ್ನ ಯೂನಿಯನ್‌ಗೆ ಹಾಕ್ಬೇಡಿ ಅಂತಾರೆ. ಗಂಡ ಫ್ಯಾಕ್ಟರೀಲಿದ್ರಂತೆ, ಏನೋ ಹಳೇ ಸ್ಟ್ರೈಕ್ ವಿಷಯ ಇರ್ಬೇಕು ಅಂದ್ಕೊಂಡ್ವಿ. ಡಾಕ್ಟ್ರು ಮರೆವಿನ ಕಾಯಿಲೆ ಅಂದ್ರು."

"ಎಲ್ಲಿಯವರು?"

"ಇಂಗ್ಲೆಂಡ್. ಫೈಲ್‌ನಲ್ಲಿ ಲ್ಯಾಂಕಷೈರ್ ಅಂತಿದೆ."

ಇದು ಸ್ಟ್ರೈಕಿನ ಯೂನಿಯನ್ ಅಲ್ಲ ಎಂದು ನೀಲಮ್ಮನಿಗೆ ಆಗಲೇ ಗೊತ್ತಾಯಿತು. ಆ ಮಾತನ್ನು ಅದರ ಇನ್ನೊಂದು ಅರ್ಥದಲ್ಲಿ ಕೇಳಿ ಐವತ್ತು ವರ್ಷ ದಾಟಿತ್ತು.

ನಂಜನಗೂಡಿನ ಸರ್ಕಾರಿ ಆಸ್ಪತ್ರೆಯ ಆಯಾ ಒಬ್ಬರ ಮಗಳು ನೀಲಮ್ಮ. ದುಡ್ಡಿಲ್ಲದವರು ಆಸ್ಪತ್ರೆಯ ಜಗಲಿಯಲ್ಲೇ ಪ್ರಾಣ ಬಿಡುವುದನ್ನು ನೋಡುತ್ತ ಬೆಳೆದವರು. ಬ್ರಿಟನ್ನಿನ ಆಸ್ಪತ್ರೆಗಳಿಗೆ ನರ್ಸುಗಳು ಬೇಕಾಗಿದ್ದಾರೆ, ತರಬೇತಿಯನ್ನೂ ಅವರೇ ಕೊಡುತ್ತಾರೆ ಎಂದು ತಿಳಿದು ೧೯೭೦ರಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ, ಲ್ಯಾಂಕಷೈರಿನ ಒಂದು ಬಟ್ಟೆ ಗಿರಣಿಗಳ ಊರಿಗೆ ಹೋದರು. ಮೊದಲ ವಾರ ಅವರಿಗೆ ನಂಬಲಾಗಲಿಲ್ಲ. ಗಿರಣಿಯ ಕೂಲಿಯವನೂ ಗಿರಣಿಯ ಮ್ಯಾನೇಜರೂ ಅಕ್ಕಪಕ್ಕದ ಹಾಸಿಗೆಯಲ್ಲಿ ಮಲಗಿರುತ್ತಿದ್ದರು. ಒಬ್ಬನೇ ಸರ್ಜನ್ ಇಬ್ಬರನ್ನೂ ನೋಡುತ್ತಿದ್ದ. ಹೊರಡುವಾಗ ಯಾರೂ ಜೇಬು ಮುಟ್ಟಿಕೊಳ್ಳುತ್ತಿರಲಿಲ್ಲ. ಅಮ್ಮನಿಗೆ ಬರೆದ ಪತ್ರದಲ್ಲಿ ಅವರು ಇದನ್ನೇ ಎರಡು ಸಲ ಬರೆದರು.

ಆದರೆ ಅದೇ ವ್ಯವಸ್ಥೆ ಅವರನ್ನು ಎರಡು ವರ್ಷದ ಕೆಳದರ್ಜೆಯ ತರಬೇತಿಗೆ ಹಾಕಿತ್ತು. ಮೂರು ವರ್ಷದ ಪೂರ್ಣ ತರಬೇತಿ ಬೇರೆಯೇ ಇದೆ, ಅದನ್ನು ಮಾಡಿದವರಷ್ಟೇ ವಾರ್ಡು ನಡೆಸುವ ಸಿಸ್ಟರ್ ಆಗುತ್ತಾರೆ ಎಂಬುದು ಗೊತ್ತಾಗುವ ಹೊತ್ತಿಗೆ ಕಾಗದಕ್ಕೆ ಸಹಿ ಬಿದ್ದಾಗಿತ್ತು. ಬೇರೆ ದೇಶಗಳಿಂದ ಬಂದ ಹುಡುಗಿಯರೆಲ್ಲ ಬಹುತೇಕ ಅದೇ ಸಾಲಿನಲ್ಲಿದ್ದರು. ಕೆಲಸಕ್ಕೆ ಹಾಕಿದ್ದೂ ಹೆಚ್ಚಾಗಿ ಯಾರಿಗೂ ಬೇಡವಾಗಿದ್ದ ಮುದುಕರ ವಾರ್ಡುಗಳಿಗೆ. ಆ ವಾರ್ಡುಗಳು ಆಸ್ಪತ್ರೆಯ ಹಿಂಭಾಗದಲ್ಲಿ, ಕಲ್ಲಿನ ಕಮಾನಿನಾಚೆ ಇದ್ದವು. ಒಂದು ಕಾಲದಲ್ಲಿ ಅದು ದಿಕ್ಕಿಲ್ಲದ ಬಡವರನ್ನು ದುಡಿಸಿ ಅನ್ನ ಹಾಕುತ್ತಿದ್ದ ಗಂಜಿಮನೆ. ಒಳಗೆ ಹೋದವರ ಬಟ್ಟೆ ತೆಗೆಸಿ ಅಲ್ಲಿಯ ಬಟ್ಟೆ ತೊಡಿಸುತ್ತಿದ್ದರು. ಗಂಡ ಹೆಂಡತಿಯನ್ನು ಬೇರೆ ಬೇರೆ ಇರಿಸುತ್ತಿದ್ದರು. ಊರವರು ಅದನ್ನು ಯೂನಿಯನ್ ಎನ್ನುತ್ತಿದ್ದರು. ಯುದ್ಧ ಮುಗಿದ ಮೇಲೆ, ನಲವತ್ತೆಂಟರಲ್ಲಿ ಎಲ್ಲರಿಗೂ ಉಚಿತ ಚಿಕಿತ್ಸೆ ತಂದಾಗ, ಸರ್ಕಾರ ಬೋರ್ಡು ಬದಲಿಸಿ ಆಸ್ಪತ್ರೆ ಮಾಡಿತ್ತು. ಗೋಡೆಗಳು ಅವೇ ಇದ್ದವು.

೧೯೭೨ರಲ್ಲಿ, ನೀಲಮ್ಮ ಮುಂಭಾಗದ ವಾರ್ಡಿನಲ್ಲಿದ್ದಾಗ, ಏಡಾ ಎಂಬ ಎಂಬತ್ತರ ಹೆಂಗಸು ಸೊಂಟದ ಮೂಳೆ ಮುರಿದುಕೊಂಡು ಬಂದಳು. ಆಪರೇಷನ್ ಚೆನ್ನಾಗಿ ಆಯಿತು. ನೀಲಮ್ಮನ ತೋಳು ಹಿಡಿದು ನಡೆಯುತ್ತ ಅವಳು ಹೇಳುತ್ತಿದ್ದಳು: "ನಲವತ್ತೆಂಟನೇ ಇಸವಿಯವರೆಗೂ ಸಂತೆಯ ರಾಶಿಯಲ್ಲಿ ಆರಿಸಿದ ಕನ್ನಡಕ ಹಾಕ್ತಿದ್ದೆ ಕಣಮ್ಮ. ಆಮೇಲೆ ಡಾಕ್ಟರೇ ಪರೀಕ್ಷೆ ಮಾಡಿ ನನ್ನ ಕಣ್ಣಿಗೆ ಅಂತಲೇ ಕೊಟ್ಟರು. ಮನೆಗೆ ಬಂದು ನೋಡಿದರೆ ಮಗಳ ಮುಖದಲ್ಲಿ ಮಚ್ಚೆ ಇತ್ತು. ಅಲ್ಲೀವರೆಗೆ ನೋಡೇ ಇರಲಿಲ್ಲ."

ಏಡಾ ಗುಣವಾದಳು. ಗುಣವಾದದ್ದೇ ತೊಂದರೆಯಾಯಿತು. ಮಗಳು ಸತ್ತಿದ್ದಳು, ಮನೆಯಲ್ಲಿ ನೋಡಿಕೊಳ್ಳುವವರಿರಲಿಲ್ಲ. ಕಾಯಿಲೆಗೆ ಹಾಸಿಗೆ ಇತ್ತು, ಬರಿಯ ಮುಪ್ಪಿಗೆ ಇರಲಿಲ್ಲ. ನಗರಸಭೆಯ ವೃದ್ಧಾಶ್ರಮದಲ್ಲಿ ಜಾಗ ಸಿಗುವವರೆಗೆ ಹಿಂದಿನ ವಾರ್ಡಿಗೆ ಕಳಿಸಿ ಎಂದು ಆದೇಶವಾಯಿತು. ಗಾಲಿಕುರ್ಚಿ ಕಮಾನಿನ ಹತ್ತಿರ ಬಂದಾಗ ಏಡಾ ಚಕ್ರ ಹಿಡಿದುಕೊಂಡಳು. "ಇಲ್ಲಿಗೆ ಬೇಡ ಮಗಳೇ. ಇಲ್ಲಿಗೆ ಮಾತ್ರ ಬೇಡ."

"ಇದು ಈಗ ಆಸ್ಪತ್ರೆ, ಹೆದರಬೇಡಿ," ಎಂದು ನೀಲಮ್ಮ ಅವಳ ಬೆರಳು ಬಿಡಿಸಿ ಕುರ್ಚಿ ತಳ್ಳಿದರು. ಏಡಾ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಮತ್ತೆ ತಿನ್ನಲಿಲ್ಲ. ಹನ್ನೊಂದನೇ ದಿನ ಸತ್ತಳು. ಹೇಳಿದ್ದು ಸುಳ್ಳಲ್ಲ, ಮಾಡಿದ್ದು ಡ್ಯೂಟಿ. ಆದರೂ ಆ ಬೆರಳುಗಳನ್ನು ಬಿಡಿಸಿದ್ದನ್ನು ನೀಲಮ್ಮನ ಕೈ ಮರೆಯಲಿಲ್ಲ. ಗಂಡನಿಗೂ ಹೇಳಿರಲಿಲ್ಲ.

ಈಗ ಡೊರೀನ್ ಕಿಟಕಿಯ ಪಕ್ಕ ಕೈಚೀಲವನ್ನು ಎದೆಗವಚಿಕೊಂಡು ಕೂತಿದ್ದಳು. ಮೈಮೇಲೆ ದೊಗಲೆ ನೀಲಿ ಗೌನು. ನೀಲಮ್ಮ ಕುರ್ಚಿ ಎಳೆದುಕೊಂಡು ಕೂತು, "ಯೂನಿಯನ್‌ನಲ್ಲಿ ನಿಮ್ಮ ಮನೆಯವರು ಯಾರಿದ್ದರು?" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು.

ಡೊರೀನ್ ಕಿಟಕಿಯಿಂದ ಅವರ ಕಡೆ ತಿರುಗಿದಳು. "ಅಜ್ಜಿ. ನನಗೆ ಆಗ ಆರು ವರ್ಷ. ಅವಳ ಮೈಮೇಲೆ ಯಾರದೋ ಬಟ್ಟೆ. ಗೇಟಿನ ತನಕ ಬಂದಳು, ದಾಟಲು ಬಿಡಲಿಲ್ಲ." ಆಮೇಲೆ ತನ್ನ ಗೌನನ್ನು ಚಿಮುಟಿ ಹಿಡಿದಳು. "ಇದು ನನ್ನದಲ್ಲ."

ಇದು ಯೂನಿಯನ್ ಅಲ್ಲ ಎಂದು ನೀಲಮ್ಮ ಹೇಳಲಿಲ್ಲ. ಸೀದಾ ಮನೋಜನ ಕೋಣೆಗೆ ಹೋದರು.

"ಇವರ ಬಟ್ಟೆ ಎಲ್ಲಿ ಮನೋಜ?"

"ಹೆಸರು ಹೊಲಿಯೋಕೆ ಲಾಂಡ್ರಿಗೆ ಹೋಗಿದೆ ಆಂಟಿ. ಎಲ್ಲರಿಗೂ ಹಾಗೇ ಮಾಡೋದು."

"ಈಗಲೇ ತರಿಸು. ಆಮೇಲೆ ಬಾಗಿಲಿನ ಬೀಗದ ನಂಬರ್ ಒತ್ತು, ನಾನು ಇವರನ್ನ ಹೊರಗೆ ಕರ್ಕೊಂಡು ಹೋಗ್ತೀನಿ."

"ಬಿದ್ಗಿದ್ರೆ? ರೂಲ್ಸ್ ಇದೆ ಆಂಟಿ."

"ಐವತ್ತು ವರ್ಷದ ಹಿಂದೆ ನಾನೂ ರೂಲ್ಸ್ ಪ್ರಕಾರ ಒಬ್ಬರನ್ನ ಒಳಗೆ ತಳ್ಕೊಂಡು ಹೋದೆ," ಎಂದು ನೀಲಮ್ಮ ಶುರುಮಾಡಿ, ಏಡಾಳ ಕಥೆಯನ್ನು ನಿಂತಲ್ಲೇ ಹೇಳಿ ಮುಗಿಸಿದರು. ಮನೋಜ ಅಡಿಲೇಡಿನಲ್ಲಿದ್ದ ಡೊರೀನಳ ಮಗ ಕೀತ್‌ಗೆ ಫೋನ್ ಮಾಡಿ ಒಪ್ಪಿಗೆ ಕೇಳಿದ, ಲಾಂಡ್ರಿಗೆ ತಾನೇ ಹೋದ.

ಹಸಿರು ಕಾರ್ಡಿಗನ್ ತೊಟ್ಟು ಡೊರೀನ್ ನೀಲಮ್ಮನ ತೋಳು ಹಿಡಿದು ಬಾಗಿಲು ದಾಟಿದಳು. ಬಸ್ ಸ್ಟಾಪಿನ ಬೆಂಚಿನವರೆಗೆ ಹೋಗಿ ಕೂತರು. ಮೂರು ಬಸ್ಸು ಬಂದು ಹೋದವು. "ನಾವೀಗ ಎಲ್ಲಿಗೆ ಬೇಕಾದರೂ ಹೋಗಬಹುದಾ?" ಎಂದು ಅವಳು ಕೇಳಿದಳು. "ಹೋಗಬಹುದು," ಎಂದರು ನೀಲಮ್ಮ. ಸ್ವಲ್ಪ ಹೊತ್ತಾದ ಮೇಲೆ ಡೊರೀನ್ ತಾನಾಗಿಯೇ, "ಟೀ ಹೊತ್ತಾಯಿತು," ಎಂದು ಎದ್ದಳು. ಆ ದಿನ ಅರ್ಧ ಬಟ್ಟಲು ಸೂಪು ಕುಡಿದಳು.

ಮರುದಿನ ಅವಳಿಗೆ ಬೆಂಚು ಮರೆತಿತ್ತು, ಭಯ ಮರೆತಿರಲಿಲ್ಲ. ಆದ್ದರಿಂದ ದಿನವೂ ಯಾರಾದರೂ ಕರೆದೊಯ್ಯಲೇಬೇಕಾಯಿತು. ನೀಲಮ್ಮ ವಾರಕ್ಕೆ ನಾಲ್ಕು ದಿನ ಹೋದರು. ನರ್ಸಿಂಗ್ ಓದುತ್ತಿದ್ದ ಮೊಮ್ಮಗಳು ಪೂರ್ವಿ ಶನಿವಾರ, ಭಾನುವಾರ ವಹಿಸಿಕೊಂಡಳು. ಯಾರಿಗೂ ಬಿಡುವಿಲ್ಲದ ದಿನ ಡೊರೀನ್ ತಿನ್ನುತ್ತಿರಲಿಲ್ಲ.

"ಹಾಗಾದ್ರೆ ಇಂಗ್ಲೆಂಡಿನ ಆ ಆಸ್ಪತ್ರೆ ಸಿಸ್ಟಮ್ ಒಳ್ಳೇದಾ ಕೆಟ್ಟದ್ದಾ ಅಜ್ಜಿ?" ಎಂದು ಏಡಾಳ ಕಥೆ ಕೇಳಿದ್ದ ಪೂರ್ವಿ ಒಮ್ಮೆ ಕಾರಿನಲ್ಲಿ ಕೇಳಿದಳು. "ಕ್ಲಾಸಲ್ಲಿ ಗ್ರೇಟ್ ಅಂತಾನೇ ಹೇಳ್ತಾರೆ."

"ದೊಡ್ಡದೇ ಪುಟ್ಟಾ. ನಮ್ಮಮ್ಮನ ಆಸ್ಪತ್ರೇಲಿ ಅದರಲ್ಲಿ ಕಾಲು ಭಾಗ ಇದ್ದಿದ್ರೂ ಎಷ್ಟು ಜನ ಉಳೀತಿದ್ರು. ಆದ್ರೆ ಮೂಳೆ ಕೂಡಿಸಿದ ಮೇಲೆ ಮನುಷ್ಯ ಎಲ್ಲಿ ಇರ್ಬೇಕು, ಯಾರ ಜೊತೆ ಇರ್ಬೇಕು ಅಂತ ಅವರು ಯೋಚನೆ ಮಾಡ್ಲಿಲ್ಲ. ಇವತ್ತಿಗೂ ಯಾರೂ ಸರಿಯಾಗಿ ಮಾಡಿಲ್ಲ."

ಡೊರೀನ್ ಸೆಪ್ಟೆಂಬರ್ ಕೊನೆಯವರೆಗೆ ಬದುಕಿದಳು. ಹೊಸದಾಗಿ ಬಂದವರ ಬಟ್ಟೆಯನ್ನು ಮೊದಲ ವಾರ ತೆಗೆದುಕೊಳ್ಳಬಾರದೆಂದು ಮನೋಜ ನಿಯಮ ಮಾಡಿಸಿದ. ಬಾಗಿಲಿನ ಬೀಗ ಮಾತ್ರ ಹಾಗೇ ಉಳಿಯಿತು. ಅಲೆದಾಡಿ ರಸ್ತೆಗೆ ಬೀಳುವವರೂ ಅಲ್ಲಿದ್ದರು, ಅದನ್ನು ನೀಲಮ್ಮನೂ ಒಪ್ಪಿದರು.

ಅಂತ್ಯಕ್ರಿಯೆಗೆ ಅಡಿಲೇಡಿನಿಂದ ಕೀತ್ ಬಂದ. ಅವನಿಗೇ ಎಪ್ಪತ್ತು ಸಮೀಪಿಸಿತ್ತು. ಎಲ್ಲ ಮುಗಿದ ಮೇಲೆ ನೀಲಮ್ಮನ ಪಕ್ಕ ಬಂದು ಕೂತ.

"ಅಮ್ಮನ ಅಜ್ಜಿ ಮನೆಯಲ್ಲೇ ಕೆಮ್ಮಿನಿಂದ ಸತ್ತಳು ಅಂತ ನಮಗೆ ಹೇಳಿದ್ದರು," ಎಂದ. "ಯೂನಿಯನ್ ವಿಷಯ ಅಮ್ಮ ಒಮ್ಮೆಯೂ ಎತ್ತಲಿಲ್ಲ."

"ಆಗ ಅದು ಹೇಳಿಕೊಳ್ಳುವ ವಿಷಯ ಆಗಿರಲಿಲ್ಲ," ಎಂದರು ನೀಲಮ್ಮ.

"ಆ ಅಜ್ಜಿಯ ಹೆಸರೂ ನನಗೆ ಗೊತ್ತಿಲ್ಲ."

"ಹ್ಯಾನಾ. ಡೊರೀನ್ ದಿನಾ ಹೇಳುತ್ತಿದ್ದರು."

ಕೀತ್ ಜೇಬಿನಿಂದ ಪೆನ್ನು ತೆಗೆದು, ಅಂತ್ಯಕ್ರಿಯೆಯಲ್ಲಿ ಹಂಚಿದ್ದ, ತಾಯಿಯ ಫೋಟೋ ಇದ್ದ ಕಾರ್ಡಿನ ಹಿಂದೆ ಆ ಹೆಸರನ್ನು ಬರೆದುಕೊಂಡ. ಅಕ್ಷರ ಸರಿಯಿದೆಯೇ ಎಂದು ನೀಲಮ್ಮನಿಗೆ ತೋರಿಸಿದ.