ನಾನೂರ ಹದಿನೇಳನೇ ನಂಬರಿನ ಟೋಕನ್

ನಂಬುವವರು ನಂಬಿ, ಬಿಡುವವರು ಬಿಡಿ. ಮೂವತ್ತು ವರ್ಷ ಫ್ಯಾಕ್ಟರಿಯಲ್ಲಿ ಲೇತ್ ಮೆಷಿನ್ ಮುಂದೆ ನಿಂತವನು ನಾನು, ಅಳೆದು ನೋಡದೆ ಯಾವುದನ್ನೂ ಒಪ್ಪಿದವನಲ್ಲ. ಆದರೆ ಆ ಭಾನುವಾರ ಪೀಣ್ಯದಲ್ಲಿ ನಡೆದದ್ದನ್ನು ಅಳೆಯುವ ಸಾಧನ ನನ್ನ ಹತ್ತಿರ ಇಲ್ಲ.

ಎಂಬತ್ತರ ದಶಕ. ಮುಚ್ಚಿಹೋಗಿದ್ದ, ತಗಡು ಒತ್ತುವ ಪ್ರೆಸ್ ಶಾಪಿನ ಶೆಡ್ಡೊಂದರಲ್ಲಿ ಮಕ್ಕಳಿಗಾಗಿ ವಿಜ್ಞಾನ ಮ್ಯೂಸಿಯಂ ಶುರುವಾಗಿತ್ತು. ಎಲ್ಲವನ್ನೂ ಮುಟ್ಟಿ, ತಿರುಗಿಸಿ ನೋಡಬಹುದು. ರಜೆ ದಿನ ನಾನು ಹೋಗಿ ಪುಕ್ಕಟೆ ರಿಪೇರಿ ಮಾಡಿಕೊಡುತ್ತಿದ್ದೆ. ಎಂಟು ವರ್ಷದ ಮಗಳು ಸುಧಾ ಬಾಲದ ಹಾಗೆ ಹಿಂದೆಯೇ ಬರುತ್ತಿದ್ದಳು.

ಅಂದು ಮುಚ್ಚುವ ಹೊತ್ತಿಗೆ ಯಾವನೋ ತರಲೆ ಹುಡುಗ ಮೋಟಾರಿನಲ್ಲಿ ತಿರುಗುವ ಎರಡು ದೊಡ್ಡ ಹಲ್ಲುಚಕ್ರಗಳ ನಡುವೆ ಬುಗುರಿ ತುರುಕಿ ಓಡಿಹೋಗಿದ್ದ. ಚಕ್ರ ನಿಂತಿತು. ಅಷ್ಟರಲ್ಲಿ ಕರೆಂಟೂ ಹೋಯಿತು.

ನಮ್ಮ ಫ್ಯಾಕ್ಟರಿಗಳಲ್ಲಿ ಒಂದು ಕಟ್ಟುನಿಟ್ಟು ಇತ್ತು. ಮೆಷಿನ್ನಿಗೆ ಕೈ ಹಾಕುವವನು ಮೊದಲು ಸ್ವಿಚ್ ಆರಿಸಿ, ತನ್ನ ನಂಬರಿನ ಹಿತ್ತಾಳೆ ಟೋಕನ್ ಅದಕ್ಕೆ ನೇತುಹಾಕಬೇಕು. ಟೋಕನ್ ಇದೆ ಎಂದರೆ ಮನುಷ್ಯ ಇನ್ನೂ ಒಳಗಿದ್ದಾನೆ ಎಂದರ್ಥ. ಅವನೇ ಬಂದು ತೆಗೆಯಬೇಕು, ಬೇರೆಯವರು ಮುಟ್ಟುವಂತಿಲ್ಲ.

ಕರೆಂಟೇ ಇಲ್ಲವಲ್ಲ ಎಂದು ನಾನು ಕಂಬದ ಮೇಲಿದ್ದ ಸ್ವಿಚ್ಚಿನ ಹತ್ತಿರವೇ ಹೋಗಲಿಲ್ಲ. ಬುದ್ಧಿಗೆ ಮಂಕು ಕವಿದಿತ್ತು. ನನ್ನ ದಪ್ಪ ಕೈ ಸಂದಿಯಲ್ಲಿ ಹಿಡಿಸಲಿಲ್ಲ.

"ಪುಟ್ಟಿ, ನೀನ್ ಕೈ ಹಾಕಿ ಎಳಿಯಮ್ಮ" ಎಂದು ಟಾರ್ಚ್ ಹಿಡಿದೆ.

ಅವಳು ಮೊಣಕೈವರೆಗೂ ತೂರಿಸಿದಳು. "ಅಲ್ಲಾಡ್ತಿದೆ ಅಪ್ಪಾ... ಬಂತು..."

ಟಾರ್ಚ್ ಆರಿತು. ಬೀಡಿ ವಾಸನೆ... ಅದರ ಜೊತೆ ಮೆಷಿನ್ ಎಣ್ಣೆಯ ಘಾಟು. ಹಿಂದಿನಿಂದ ಬೂಟು ಎಳೆದುಕೊಂಡು ನಡೆಯುವ ಸದ್ದು... ಸರ್... ಸರ್... ನಮ್ಮನ್ನು ದಾಟಿ ಸ್ವಿಚ್ಚಿನ ಕಂಬದ ಕಡೆ ಹೋಯಿತು.

"ಯಾರ್ರೀ ಅದು? ಹನುಮಂತಣ್ಣಾ?" ಎಂದು ವಾಚ್‌ಮನ್ನನನ್ನು ಕೂಗಿದೆ.

ಟಣ್...

ಮರುಕ್ಷಣವೇ ಕರೆಂಟು ಬಂತು. ದೀಪಗಳು ಹತ್ತಿದವು, ಫ್ಯಾನುಗಳು ತಿರುಗಿದವು. ನಮ್ಮ ಚಕ್ರ ಮಾತ್ರ ಅಲ್ಲಾಡಲಿಲ್ಲ. ಬುಗುರಿ ಕಳಚಿ ಬಂದಿತ್ತು, ಮಗಳ ಕೈ ಇನ್ನೂ ಹಲ್ಲುಗಳ ನಡುವೆಯೇ ಇತ್ತು!

ಅವಳನ್ನು ಎಳೆದು ಅಪ್ಪಿಕೊಂಡೆ. ಆಮೇಲೆ ಕಂಬದ ಹತ್ತಿರ ಹೋಗಿ ನೋಡಿದೆ. ಯಾರೋ ಸ್ವಿಚ್ ಆರಿಸಿದ್ದರು. ಅದಕ್ಕೊಂದು ಹಿತ್ತಾಳೆ ಟೋಕನ್ ನೇತುಬಿದ್ದು ತೂಗಾಡುತ್ತಿತ್ತು. ನಂಬರು ೪೧೭. ನನ್ನದು ಜೇಬಿನಲ್ಲೇ ಇತ್ತು.

ಗೇಟಿನಿಂದ ಓಡಿಬಂದ ಹನುಮಂತಣ್ಣ ಅದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ಯಾರೂ ಒಳಕ್ಕೆ ಬಂದಿಲ್ಲ ಸಾಮಿ... ಇದು ಕೆಂಪಯ್ಯಂದು. ಪ್ರೆಸ್ ಶಾಪ್ ಇದ್ದಾಗ ಅವ್ನು ಒಳಗಿರೋವಾಗ್ಲೇ ಯಾರೋ ಟೋಕನ್ ತೆಗ್ದು ಸ್ವಿಚ್ ಆಕ್ಬುಟ್ರು. ಬೆರಳೆಲ್ಲಾ ಓಯ್ತು, ಆಮೇಲೆ ಜೀವಾನೂ ಓಯ್ತು. ಮುಟ್ಬೇಡಿ ಸಾಮಿ..."

ಮನೆಗೆ ಬರುವಾಗ ಬಸ್ಸಿನಲ್ಲಿ ಸುಧಾ ಮೆಲ್ಲಗೆ ಹೇಳಿದಳು: "ಅಪ್ಪಾ, ಚಕ್ರದೊಳಗೆ ಇನ್ನೊಂದು ಕೈ ಇತ್ತು. ನನ್ ಕೈನ ಹೊರಗೆ ತಳ್ತಾ ಇತ್ತು. ಅದಕ್ಕೆ ಬೆರಳೇ ಇರ್ಲಿಲ್ಲ."

ಆಮೇಲೆ ಮ್ಯೂಸಿಯಂನವರು ಎಷ್ಟೋ ಸಲ, "ಆ ಟೋಕನ್ ತೆಗೆದು ಚಕ್ರ ಓಡಿಸ್ರೀ" ಎಂದರು. ನಾನು ಅಲ್ಲಿರುವ ತನಕ ತೆಗೆಯಲಿಲ್ಲ, ತೆಗೆಯಲು ಯಾರನ್ನೂ ಬಿಡಲಿಲ್ಲ. ಹೋದಾಗಲೆಲ್ಲ ಮೊದಲು ಕಂಬ ನೋಡುತ್ತಿದ್ದೆ. ಟೋಕನ್ ಅಲ್ಲೇ ಇರುತ್ತಿತ್ತು. ಅಂದರೆ ಅವನು ಇನ್ನೂ ಒಳಗಿದ್ದಾನೆ.