ಗಾಜಿನ ಮೇಲಿನ ಕಿತ್ತಳೆ ಕಾಳು

ಬೆಳಗಿನ ಐದೂವರೆ. ರೊಡೋಪಿ ಬೆಟ್ಟದ ಈ ಸಣ್ಣ ಆಸ್ಪತ್ರೆಯಲ್ಲಿ ಮೊದಲು ದೀಪ ಹತ್ತುವುದು ನೆಲಮಾಳಿಗೆಯ ಲ್ಯಾಬಿನಲ್ಲಿ. ರುಮ್ಯಾನಾ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಎಳೆದು, ಬಣ್ಣ ಹೊಯ್ದು, ಆರಲು ಬಿಡುತ್ತಾರೆ. ಬೆರಳ ತುದಿಯ ನೀಲಿ ಮೂವತ್ತೊಂದು ವರ್ಷದಿಂದ ಹೋಗಿಲ್ಲ. ದಿನಕ್ಕೆ ಅರವತ್ತು ಪಟ್ಟಿ. ಒಂದೊಂದರಲ್ಲೂ ನೂರು ಬಿಳಿ ರಕ್ತಕಣ ಎಣಿಸಬೇಕು.

"ಕಣದ ಹೊಟ್ಟೆಯೊಳಗಿನ ಕಾಳು ನೋಡ್ಬೇಕು ಕಣ್ರೀ," ಎನ್ನುತ್ತಾರೆ. "ಒಂದು ಜಾತೀದು ಧೂಳಿನ ಹಾಗೆ ಸಣ್ಣ. ಇನ್ನೊಂದು ದಪ್ಪ, ಕಡುನೀಲಿ. ಮೂರನೇದು ಕಿತ್ತಳೆಗೆಂಪು, ಮೆಣಸಿನ ತರಿ ಇದ್ದ ಹಾಗೆ. ಆ ಕೆಂಪಿಂದು ನೂರಕ್ಕೆ ಎರಡೋ ಮೂರೋ ಇದ್ರೆ ಸರಿ. ಮೈಯೊಳಗೆ ಹುಳ ಹೊಕ್ರೆ ಏರುತ್ತೆ."

ಹೋದ ವರ್ಷ ಜನವರಿ ಕೊನೆಗೆ ಬಸ್ ಚಾಲಕ ವೆಸೆಲಿನ್‌ನ ಪಟ್ಟಿಯಲ್ಲಿ ಕಂಡದ್ದು ನಲವತ್ತೊಂದು! ಜ್ವರ, ಮೈಕೈ ನೋವು, ಊದಿದ ರೆಪ್ಪೆ. ಫ್ಲೂ ಎಂದು ಡಾಕ್ಟರು ಬರೆದಾಗಿತ್ತು. ರುಮ್ಯಾನಾ ಫೋನು ಮಾಡಿದರು: "ಏನು ತಿಂದ ಅಂತ ಕೇಳಿ ಡಾಕ್ಟ್ರೇ."

"ನೀನು ಗಾಜು ನೋಡಮ್ಮ, ಮನುಷ್ಯನ್ನ ನಾನು ನೋಡ್ಕೋತೀನಿ."

ಬಿಡುವ ಹೆಂಗಸೇ ಇವರು! ತಾವೇ ಮೆಟ್ಟಿಲು ಹತ್ತಿ ವಾರ್ಡಿಗೆ ಹೋದರು. ವೆಸೆಲಿನ್ ನರಳುತ್ತಲೇ ನಕ್ಕ: "ನಿಮ್ಮ ಮನೆಯವರೇ ತಿನ್ನಿಸಿದ್ದು ಅಕ್ಕಾ, ಕಾಡುಹಂದಿ ಸಾಸೇಜು."

ರುಮ್ಯಾನಾರ ಗಂಡ ಕೋಲ್ಯೋ ಬೇಟೆಗಾರರ ತಂಡದ ಹಿರಿಯ. ಹಬ್ಬದ ಆತುರದಲ್ಲಿ ಹಂದಿಯ ತುಂಡನ್ನು ಪಶುವೈದ್ಯರ ಪರೀಕ್ಷೆಗೆ ಕಳಿಸದೆ, ಬರೀ ಗಾಳಿಗೆ ಒಣಗಿಸಿ ಇಪ್ಪತ್ತನಾಲ್ಕು ಜನಕ್ಕೆ ಬಡಿಸಿದ್ದರು. ತಾವೂ ತಿಂದಿದ್ದರು. ಅಂದು ಡ್ಯೂಟಿಯಲ್ಲಿದ್ದ ರುಮ್ಯಾನಾ ಮಾತ್ರ ತಿಂದಿರಲಿಲ್ಲ. ಅಂಥ ಹಸಿ ಮಾಂಸದಲ್ಲಿರುವ ಹುಳ ಹೃದಯಕ್ಕೆ ಪೆಟ್ಟು ಕೊಟ್ಟರೆ ಪ್ರಾಣಕ್ಕೇ ಸಂಚಕಾರ.

"ಸುಮ್ನಿರೇ, ಊರಲ್ಲಿ ಮಾನ ಹೋಗುತ್ತೆ," ಎಂದರು ಕೋಲ್ಯೋ.

"ಹೋದ ಮಾನ ನಾಳೆ ಬರುತ್ತೆ. ಹೋದ ಪ್ರಾಣ?" ಎನ್ನುತ್ತಾ ಮೊದಲು ಗಂಡನ ಬೆರಳಿಗೇ ಸೂಜಿ ಚುಚ್ಚಿದರು. ಮೂವತ್ತೆಂಟು! ಸಂಜೆಯೊಳಗೆ ಉಂಡವರ ಮನೆಮನೆಗೂ ರುಮ್ಯಾನಾರ ಫೋನು ಹೋಯಿತು. ಡಾಕ್ಟರೂ ಒಪ್ಪಿ ಔಷಧಿ ಕೊಟ್ಟರು. ಒಬ್ಬರೂ ಸಾಯಲಿಲ್ಲ. ಪತ್ರಿಕೆಯಲ್ಲಿ ಬಂದದ್ದು ಮಾತ್ರ ಡಾಕ್ಟರ ಫೋಟೊ.

ಈ ಚಳಿಗಾಲದ ಔತಣದಲ್ಲಿ ಸಾಸೇಜು ಮೇಜಿಗೆ ಬಂದರೂ ಯಾರೂ ಕೈಹಾಕಲಿಲ್ಲ. ಕೋಲ್ಯೋ ಪಶುವೈದ್ಯರ ಚೀಟಿ ತಂದು ಹೆಂಡತಿಯ ಮುಂದಿಟ್ಟರು: "ಬೇಗ ಓದು ಮಾರಾಯ್ತಿ, ಹೊಟ್ಟೆ ಚುರುಗುಟ್ತಿದೆ." ರುಮ್ಯಾನಾ ಕನ್ನಡಕ ಏರಿಸಿ, ಎರಡು ಸಲ ಓದಿ, ಮೊದಲ ತುಂಡು ತಾವೇ ಬಾಯಿಗಿಟ್ಟರು. ಆಮೇಲೆ ಎಲ್ಲರ ಕೈಯೂ ತಟ್ಟೆಗೆ ಬಂತು.

ಅದನ್ನು ನೆನೆದು ಈಗ ನಗುತ್ತಾರೆ. ಇನ್ನೊಂದು ಪಟ್ಟಿ ಎತ್ತಿ ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ.

"ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು. ಅದನ್ನೂ ನಾನೇ ಹೇಳ್ಬೇಕಾಯ್ತು."